ಧೂಳು ಕೂರದ ಜಾಗ

ನಾನು ಕೊಳೆ ಕಂಡರೆ ಸುಮ್ಮನಿರುವವಳಲ್ಲ. ಅಂಗಳಕ್ಕೆ ಬಂದ ಜೀಪಿನ ಚಕ್ರ ನೋಡಿಯೇ ಅದು ಯಾವ ದಾರಿಯಲ್ಲಿ ಬಂತು ಎಂದು ಹೇಳಬಲ್ಲೆ. ದೇವರಮನೆ ಗುಡ್ಡದ ಕಡೆಯ ಮಣ್ಣು ಬೇರೆ, ಮೂಡಿಗೆರೆ ಪೇಟೆಯ ಕೆಸರು ಬೇರೆ, ನಮ್ಮ ತೋಟದೊಳಗಿನದು ಇನ್ನೂ ಬೇರೆ. ಮೂರನ್ನೂ ಬಟ್ಟೆಯಿಂದ ಉಜ್ಜಿ ತೆಗೆದೂ ತೆಗೆದೂ ನನ್ನ ಬೆರಳಿನ ಗಂಟುಗಳು ದಪ್ಪವಾಗಿವೆ. ಇಂಥ ನಾನು ಹೋದ ವರ್ಷ ಆಯುಧಪೂಜೆಯ ದಿನ, ಒಂದಿಷ್ಟು ಧೂಳು ಹೋಯಿತೆಂದು ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಅತ್ತಿದ್ದೇನೆ. ಯಾರಿಗಾದರೂ ಹೇಳಿದರೆ ನಗುತ್ತಾರೆ. ನಗಲಿ. ನನಗೆ ಇನ್ನೂ ಸಿಟ್ಟು ಇಳಿದಿಲ್ಲ.

ನಮ್ಮನೆಯವರು ಸೈನ್ಯದಲ್ಲಿ ಟ್ಯಾಂಕು ಓಡಿಸುತ್ತಿದ್ದವರು. ಮದುವೆಯಾದ ಮೇಲೆ ಅವರು ರಾಜಸ್ಥಾನದ ಮರಳಿನಲ್ಲಿ, ನಾನು ಇಲ್ಲಿ ಮೂಡಿಗೆರೆಯಿಂದಾಚೆ ಭಾವನ ಮನೆಯಲ್ಲಿ. ಭಾವ ಎಂದರೆ ಇವರ ಅಣ್ಣ; ಕಾಫಿ ತೋಟ ನೋಡಿಕೊಳ್ಳುತ್ತಿದ್ದವರು ಅವರೇ. ಇವರು ವರ್ಷಕ್ಕೊಮ್ಮೆ ರಜೆಗೆ ಬರುತ್ತಿದ್ದರು, ಸಾಮಾನ್ಯವಾಗಿ ಕೊಯ್ಲಿನ ಹೊತ್ತಿಗೆ. ಬಂದ ಮರುದಿನವೇ ಸೊಂಟಕ್ಕೆ ಚೀಲ ಕಟ್ಟಿಕೊಂಡು ಗಿಡದ ಬುಡದಲ್ಲಿ ನಿಲ್ಲುತ್ತಿದ್ದರೇ ಹೊರತು ಅಲ್ಲಿಯ ಒಂದು ಸುದ್ದಿ ಬಾಯಿಂದ ಹೊರಡುತ್ತಿರಲಿಲ್ಲ. ಅಲ್ಲಿ ಹೆಂಗಿರುತ್ತೆ ಎಂದು ಕೇಳಿದರೆ "ಸೆಕೆ" ಅನ್ನುವರು. ಊಟ ಹೇಗೆ ಎಂದರೆ "ಕೊಡ್ತಾರೆ." ಜೊತೆಗೆ ಯಾರಿರ್ತಾರೆ ಎಂದರೆ "ಇರ್ತಾರೆ." ನೋಡಲು ಬಂದ ನೆಂಟರಿಗೆ ಬೇಕಾಗಿದ್ದದ್ದು ಮಿಲಿಟರಿ ಕ್ಯಾಂಟೀನಿನ ರಮ್ಮು, ಬಾಟಲಿ ಕೈಗೆ ಬಂದ ಮೇಲೆ ಅವರೂ ಏನನ್ನೂ ಕೇಳುತ್ತಿರಲಿಲ್ಲ. ಮಾತಾಡದ ಗಂಡಸು ಒಳ್ಳೆಯವನು ಎಂದು ನಮ್ಮ ಕಡೆಯ ಹೆಂಗಸರು ಹೊಗಳುತ್ತಾರೆ. ಅಂಥವನ ಜೊತೆ ಸಂಸಾರ ಮಾಡಿ ನೋಡಲಿ, ಆಮೇಲೆ ಹೊಗಳಲಿ.

ಇವರು ನಿವೃತ್ತರಾಗಿ ಬಂದ ಮೇಲೆ ಭಾವನ ದೊಡ್ಡಮನೆಯಿಂದ ಇಳಿದು, ಕಾಫಿ ಒಣಗಿಸುವ ಕಣದ ಕೆಳಗೆ ನಮ್ಮದೇ ಒಂದು ಚಿಕ್ಕ ಮನೆ ಮಾಡಿಕೊಂಡೆವು. ಮಗಳನ್ನು ಹೊರನಾಡಿನ ಹತ್ತಿರ ಕೊಟ್ಟಾಗಿತ್ತು. ಇನ್ನು ಮನೆಯಲ್ಲಿ ಇಬ್ಬರೇ, ಈಗಲಾದರೂ ಬಾಯಿ ಬಿಟ್ಟಾರು ಎಂದುಕೊಂಡಿದ್ದೆ. ಬಾಯಿ ಬಿಡಲಿಲ್ಲ, ಬದಲಿಗೆ ಮೂಡಿಗೆರೆಗೆ ಹೋಗಿ ಕೊರಿಯರಿನಲ್ಲಿ ಬಂದಿದ್ದ ಒಂದು ಡಬ್ಬ ತಂದರು. ಬಿಚ್ಚಿದರೆ ಚೌಕಟ್ಟುಗಳಿಗೆ ಅಂಟಿಕೊಂಡ ನೂರೆಂಟು ಪ್ಲಾಸ್ಟಿಕ್ ಚೂರುಗಳು. ಕತ್ತರಿಸಿ, ಉಜ್ಜಿ, ಅಂಟಿಸಿದರೆ ಒಂದು ಟ್ಯಾಂಕು ಆಗುತ್ತದಂತೆ, ಮೊಣಕೈಯಿಂದ ಮಣಿಕಟ್ಟಿನವರೆಗೆ ಬರುವಷ್ಟು.

"ಅಷ್ಟು ವರ್ಷ ನಿಜವಾದ್ದು ಓಡ್ಸಿ ಸಾಕಾಗ್ಲಿಲ್ವಾ ನಿಮ್ಗೆ?" ಎಂದೆ.

"ಮಳೆ ಬಿಡೋವರೆಗೆ ಟೈಮ್ ಹೋಗ್ತದೆ" ಎಂದರು. ಅಷ್ಟೇ.

ಆ ಮಳೆಗಾಲ ಪೂರ್ತಿ ಊಟದ ಮೇಜಿನ ಅರ್ಧ ನನ್ನ ಕೈ ತಪ್ಪಿತು. ಮನೆ ತುಂಬ ಅಂಟಿನ ವಾಸನೆ. ಒಂದೊಂದೇ ಕೊಂಡಿ ಸೇರಿಸಿ ಟ್ಯಾಂಕಿನ ಚೈನು ಮಾಡಿದರು; ತಳ್ಳಿದರೆ ಅದು ಗಾಲಿಗಳ ಮೇಲೆ ನಿಜವಾಗಿ ಉರುಳುತ್ತಿತ್ತು. ಬಣ್ಣ ಹಚ್ಚಿದರೆ ಒಣಗದು, ಬಚ್ಚಲ ಒಲೆಯ ಪಕ್ಕ ಇಟ್ಟು ಕಾಯಬೇಕು. ನಾನು ನೀರು ಕಾಯಿಸಲು ಹೋದಾಗಲೆಲ್ಲ "ಹೊಗೆ ಮಾಡ್ಬೇಡ" ಎಂದು ಕೂಗುವರು. ಮಳೆಗಾಲದ ಹಸಿ ಸೌದೆ ಹೊಗೆಯಾಡದೆ ಇನ್ನೇನು ಮಾಡುತ್ತದೆ? ಅಂತೂ ಒಂದು ದಿನ ಅಚ್ಚುಕಟ್ಟಾಗಿ ಹಸಿರು ಬಣ್ಣ ಕುಡಿದ ಹೊಚ್ಚಹೊಸ ಟ್ಯಾಂಕು ಮೇಜಿನ ಮೇಲೆ ನಿಂತಿತು. ಪರವಾಗಿಲ್ಲ ಎಂದು ನನಗೂ ಅನಿಸಿತು. ಮಗಳು ಬಂದಾಗ ತೋರಿಸಲು ಒಂದು ಗಾಜಿನ ಪೆಟ್ಟಿಗೆ ಮಾಡಿಸೋಣ ಎಂದು ಹೇಳಿಯೂ ಬಿಟ್ಟೆ.

ಮರುದಿನದಿಂದ ಅದನ್ನು ಹಾಳು ಮಾಡಲು ಕೂತರು. ಕಪ್ಪು ಬಣ್ಣವನ್ನು ನೀರಿನಷ್ಟು ತೆಳು ಮಾಡಿ ಸಂದುಗೊಂದುಗಳಿಗೆಲ್ಲ ಬಿಟ್ಟರು. ನನ್ನ ಪಾತ್ರೆ ತಿಕ್ಕುವ ಸ್ಪಂಜಿನ ಮೂಲೆ ಕಿತ್ತು, ಬಣ್ಣದಲ್ಲಿ ಅದ್ದಿ, ಕಾಗದಕ್ಕೆ ಒತ್ತಿ ಬಹುಪಾಲು ತೆಗೆದು, ಉಳಿದದ್ದನ್ನು ಅಂಚುಗಳಿಗೆ ಮುಟ್ಟಿಯೂ ಮುಟ್ಟದ ಹಾಗೆ ತಾಗಿಸಿದರು. ತಾಗಿಸಿದಲ್ಲೆಲ್ಲ ಬಣ್ಣ ಚಕ್ಕೆ ಎದ್ದ ಹಾಗಾಯಿತು. ಪೆನ್ಸಿಲ್ಲಿನ ಸೀಸ ಪುಡಿ ಮಾಡಿ ಬೆರಳಿನಿಂದ ಉಜ್ಜಿದರೆ ಸವೆದ ಕಬ್ಬಿಣದ ಹೊಳಪು ಬಂತು.

ನನಗೆ ತಡೆಯಲಾಗಲಿಲ್ಲ. "ಕೈಯಾರೆ ಮಾಡಿದ್ದನ್ನ ಕೈಯಾರೆ ಗುಜರಿ ಮಾಡ್ತಿದ್ದೀರಲ್ಲ, ತಲೆ ನೆಟ್ಟಗಿದೆಯಾ?"

ಅವರು ಕುಂಚವನ್ನು ನನ್ನ ಹಳೆಯ ಸೀರೆಯ ಚೂರಿಗೆ ಒರೆಸುತ್ತ, "ಹೊಸ ಟ್ಯಾಂಕು ನಾನು ಓಡ್ಸೇ ಇಲ್ಲ. ನಾನು ಹತ್ತಿದ್ದು ಇಂಥದ್ನೇ" ಎಂದರು.

ಅವರ ಬಾಯಿಂದ ಅಷ್ಟುದ್ದ ಮಾತು ಬಂದದ್ದೇ ಹೆಚ್ಚು. ನಾನು ಕುರ್ಚಿ ಎಳೆದುಕೊಂಡು ಎದುರಿಗೆ ಕೂತೆ. ಆವತ್ತಿನಿಂದ ಅನ್ನಕ್ಕಿಟ್ಟು ಬಂದು ಅಲ್ಲಿ ಕೂರುವುದು ಅಭ್ಯಾಸವಾಯಿತು. ಕೊಳೆ ತೆಗೆಯುವುದರಲ್ಲಿ ಬದುಕು ಸವೆಸಿದವಳಿಗೆ ಕೊಳೆ ಎಲ್ಲಿ ಕೂರುತ್ತದೆ ಎನ್ನುವುದು ಹೇಳಿಕೊಡಬೇಕಾಗಿಲ್ಲ. ಚಕ್ರದ ಹಿಂದೆ ಹೆಚ್ಚು, ಮುಂದೆ ಕಡಿಮೆ. ಎಣ್ಣೆ ಚೆಲ್ಲಿದಲ್ಲಿ ಅಂಟುತ್ತದೆ, ಕೈ ತಾಗುವಲ್ಲಿ ನಿಲ್ಲುವುದಿಲ್ಲ. "ಇಲ್ಲಿ ಜಾಸ್ತಿಯಾಯ್ತು", "ಈ ಮೂಲೆ ಬಿಟ್ಟಿದ್ದೀರಿ" ಎಂದು ನಾನು ಹೇಳುತ್ತಿದ್ದೆ. ಅವರು ಒಮ್ಮೊಮ್ಮೆ ಒಪ್ಪುತ್ತಿದ್ದರು. ಒಂದೇ ಕಡೆ ನಾನು ಎಡವಿದ್ದು. ನಮ್ಮ ಜೀಪಿನ ಹಾಗೆ ತಳಕ್ಕೆಲ್ಲ ಕೆಂಪು ಮಣ್ಣು, ಬೋಲ್ಟುಗಳಿಗೆ ತುಕ್ಕು, ಹಿಂದುಗಡೆ ಸ್ವಲ್ಪ ಪಾಚಿ ಬರಬೇಕು ಎಂದೆ.

ಅವರು ನಕ್ಕರು. "ಪಾಚಿಯಾ? ಅಲ್ಲಿ ಮಳೆ ಎಲ್ಲಿದೆ ಮಾರಾಯ್ತಿ? ತುಕ್ಕು ಹಿಡೀಲಿಕ್ಕೂ ನೀರು ಬೇಕಲ್ಲ."

"ಮತ್ತೆ ಎಂತ ಇರುತ್ತೆ?"

"ಧೂಳು. ಬರೀ ಧೂಳು. ಹುರಿದ ಅಕ್ಕಿಹಿಟ್ಟಿನ ಬಣ್ಣದ್ದು."

ನಾನು ಎದ್ದು ಹೋಗಿ ಅಕ್ಕಿಹಿಟ್ಟು ಹುರಿದೆ. ಕೆಂಪಗಾಗುವ ಮೊದಲು ಒಂದು ಚಮಚ ತೆಗೆದು ತಟ್ಟೆಯಲ್ಲಿ ಹರಡಿ ತಂದಿಟ್ಟೆ. ಅವರು ಬಗ್ಗಿ ನೋಡಿದರು. ಆಮೇಲೆ, "ಇನ್ನೊಂಚೂರು ಹುರಿ" ಎಂದರು. ಎರಡನೆಯ ಸಲ ತಂದಾಗ ತಲೆಯಾಡಿಸಿದರು. ಹಿಟ್ಟನ್ನೇ ಹಾಕೋಣವೇ ಎಂದರೆ, "ಜಿರಳೆ ಟ್ಯಾಂಕನ್ನೇ ತಿಂದು ಹೋದಾವು" ಎಂದರು. ಬಣ್ಣದ ಚಾಕ್‌ಪೀಸುಗಳನ್ನು ಬ್ಲೇಡಿನಿಂದ ಕೆರೆದು ಪುಡಿ ಮಾಡಿ, ನನ್ನ ಹಿಟ್ಟಿನ ತಟ್ಟೆ ಪಕ್ಕಕ್ಕಿಟ್ಟುಕೊಂಡು, ಬಣ್ಣ ಸೇರುವವರೆಗೆ ಕಲಸಿದರು. ಮೆತ್ತನೆಯ ಕುಂಚದಿಂದ ಆ ಪುಡಿಯನ್ನು ಟ್ಯಾಂಕಿನ ಮೈಗೆಲ್ಲ ಇಳಿಸಿದರು. ಊದಿದರು, ಮತ್ತೆ ಇಳಿಸಿದರು. ಮದುವೆಯಾದಾಗಿನಿಂದ ನಾನು ಕೇಳುತ್ತ ಬಂದ ಪ್ರಶ್ನೆಗೆ ಉತ್ತರ ಅಲ್ಲಿ, ಊಟದ ಮೇಜಿನ ಮೇಲೆ, ಪದರ ಪದರವಾಗಿ ಕೂರುತ್ತಿತ್ತು. ನಾನು ಒಲೆಯ ಮೇಲಿನ ಅನ್ನ ಮರೆತು ಕೂತೆ. ಸಂತೋಷವೇ ಇರಬೇಕು, ಅಭ್ಯಾಸವಿಲ್ಲದ್ದರಿಂದ ಗುರುತು ಸಿಗಲಿಲ್ಲ.

ಮಳೆ ಒಂದು ದಿನ ಬಿಡುವು ಕೊಟ್ಟಾಗ, ಬಿಸಿಲಲ್ಲಿಟ್ಟು ನೋಡಬೇಕು ಎಂದರು. ನಮ್ಮ ಅಂಗಳದಲ್ಲಿ ಮರದ ನೆರಳು. ಅದಕ್ಕೇ ಟ್ಯಾಂಕನ್ನು ಹಳೆಯ ಸೀರೆಯಲ್ಲಿ ಸುತ್ತಿ, ಚಪ್ಪಲಿ ಡಬ್ಬದಲ್ಲಿ ಕೂರಿಸಿ, ಸ್ಕೂಟರಿನ ಹಿಂದೆ ನಾನು ತೊಡೆಯ ಮೇಲೆ ಇಟ್ಟುಕೊಂಡು ದೇವರಮನೆ ಗುಡ್ಡಕ್ಕೆ ಹೋದೆವು. ದೇವಸ್ಥಾನ ದಾಟಿ ಮೇಲೆ ಹುಲ್ಲುಗಾವಲಿನಲ್ಲಿ ಒಂದು ಚಪ್ಪಟೆ ಬಂಡೆ ನೋಡಿ, ಅದರ ಮೇಲೆ ಟ್ಯಾಂಕು ಇಟ್ಟು, ಇವರು ನೆಲದ ಮೇಲೆ ಬೋರಲು ಮಲಗಿದರು. ಬೈಕಿನಲ್ಲಿ ಬಂದಿದ್ದ ಪ್ರವಾಸಿಗಳು ಸೆಲ್ಫಿ ಬಿಟ್ಟು ನಮ್ಮ ಕಡೆ ತಿರುಗಿದರು. ನನಗೆ ನಾಚಿಕೆಯಿಂದ ಮೈ ಹಿಡಿಯಷ್ಟಾಯಿತು.

"ಮೇಲಿಂದ ನೋಡಿದ್ರೆ ಆಟದ ಸಾಮಾನು ಅದು. ಕೆಳಗೆ ಬಾ" ಎಂದರು.

"ಸೀರೆ ಕೊಳೆಯಾಗುತ್ತೆ."

"ತೊಳೆದ್ರಾಯ್ತು."

ಸೀರೆ ತೊಳೆಯುವುದು ನಾನು ತಾನೇ, ಹೇಳಲು ಅವರಿಗೇನು. ಆದರೂ ಮಲಗಿದೆ. ಗಲ್ಲವನ್ನು ಹುಲ್ಲಿಗೆ ತಾಗಿಸಿ, ಒಂದು ಕಣ್ಣು ಮುಚ್ಚಿ ನೋಡಿದೆ. ಮೊಣಕೈಯಷ್ಟಿದ್ದ ಟ್ಯಾಂಕು ಆಕಾಶಕ್ಕೆ ತಾಗಿ ನಿಂತಿತ್ತು. ಬಂಡೆಯ ಮೇಲೆ ಅದರ ನೆರಳು. ಮುಚ್ಚಳದ ಅಂಚಿನ ಬಣ್ಣ ಸವೆದು ಒಳಗಿನ ಕಬ್ಬಿಣ ಮಿನುಗುತ್ತಿತ್ತು. ಪಕ್ಕೆಯ ಮೇಲೆ ಎಣ್ಣೆ ಇಳಿದು ಧೂಳು ಕಪ್ಪಾಗಿತ್ತು. ನಾನು ನೋಡಿರದ ಯಾವುದೋ ದಾರಿಯನ್ನು ಮುಗಿಸಿಕೊಂಡು ಈಗ ತಾನೇ ಬಂದು ನಿಂತ ಹಾಗಿತ್ತು. ಒಳಗಿನಿಂದ ಯಾರೋ ಇಳಿಯುತ್ತಾರೆ ಎಂದು ನಾನು ಕಾದೆ, ಸುಳ್ಳಲ್ಲ.

ಇವರು ಒಂದು ಹುಲ್ಲುಕಡ್ಡಿ ಕಿತ್ತು ತೋರಿಸುತ್ತ ಹೋದರು. ಇಲ್ಲಿ ಕಾಲಿಟ್ಟು ಹತ್ತುವುದು, ಅದಕ್ಕೇ ಸವೆದದ್ದು. ಇಲ್ಲಿ ಕೈ ಹಿಡಿಯುವುದು. ಬೇಸಗೆಯಲ್ಲಿ ಹಿಡಿದರೆ ಚರ್ಮ ಸುಡುತ್ತದೆ, ಬಟ್ಟೆ ಸುತ್ತಿಕೊಳ್ಳಬೇಕು. ಇಲ್ಲಿ ನೀರಿನ ಕ್ಯಾನು ಉಜ್ಜಿ ಉಜ್ಜಿ ಆದ ಗೀರು. ಗಾಳಿಗೆ ಡೀಸೆಲ್ ಹುಯ್ಯುವಾಗ ಚೆಲ್ಲಿದ್ದು ಇಲ್ಲಿ, ಬೈಸಿಕೊಂಡದ್ದೂ ಉಂಟು. ಅವರು ಮಾತಾಡುತ್ತಿದ್ದರು! ನಾನು ಉಸಿರು ಬಿಗಿಹಿಡಿದು ಕೇಳಿದೆ, ನಡುವೆ ಬಾಯಿ ಹಾಕಿದರೆ ಎಲ್ಲಿ ನಿಂತು ಹೋಗುತ್ತದೋ ಎಂದು.

ಆಗಲೇ ನನ್ನ ಕಣ್ಣಿಗೆ ಅದು ಬಿದ್ದದ್ದು. ಎಡಗಡೆಯ ಮಡ್‌ಗಾರ್ಡಿನ ಮೇಲೆ, ಮುಂದಕ್ಕೆ, ಒಂದು ಜಾಗದಲ್ಲಿ ಮಾತ್ರ ಧೂಳಿರಲಿಲ್ಲ. ಸುತ್ತ ಎಲ್ಲ ಕಡೆ ಹುರಿದ ಹಿಟ್ಟಿನ ಬಣ್ಣ, ಅಲ್ಲಿ ಮಾತ್ರ ಒಳಗಿನ ಹಸಿರು, ಅದೂ ನಯವಾಗಿ ಸವೆದ ಹಸಿರು.

"ಇಲ್ಲಿ ಯಾಕೆ ಧೂಳು ಕೂತಿಲ್ಲ? ಮರೆತ್ರಾ?"

ಹುಲ್ಲುಕಡ್ಡಿ ನಿಂತಿತು. "ಮರೀಲಿಲ್ಲ. ಅಲ್ಲಿ ಒಬ್ಬ ಕೂರ್ತಿದ್ದ."

"ಯಾರು?"

ಕಣಿವೆಯಿಂದ ಮಂಜು ಏರಿ ಬಂತು. ಅವರು ಎದ್ದು ಟ್ಯಾಂಕನ್ನು ಸೀರೆಯಲ್ಲಿ ಸುತ್ತತೊಡಗಿದರು. "ಹೇಳ್ತೀನಿ. ಇನ್ನೊಂದಿನ ಹೇಳ್ತೀನಿ."

ನಾನು ಹಟ ಮಾಡಲಿಲ್ಲ. ನನ್ನ ಸ್ವಭಾವಕ್ಕೆ ಅದು ದೊಡ್ಡ ತಪಸ್ಸು. ಆಮೇಲೆ ಕೆಲವು ದಿನ ಇವರು ಟ್ಯಾಂಕಿನ ಮುಂದೆ ಕುಂಚ ಹಿಡಿಯದೆ ಸುಮ್ಮನೆ ಕೂರುತ್ತಿದ್ದರು. ಒಂದು ಸಂಜೆ ಗಂಜಿಗೆ ನಾನು ಉಪ್ಪಿನಕಾಯಿ ಬಡಿಸುವಾಗ ತಾವಾಗಿಯೇ ಹೇಳಿದರು. "ನೀನು ಭರಣಿಯಲ್ಲಿ ಕಟ್ಟಿಕೊಡ್ತಿದ್ದೆಯಲ್ಲ ಮಿಡಿ ಉಪ್ಪಿನಕಾಯಿ, ಅರ್ಧ ಅವನಿಗೇ ಹೋಗ್ತಿತ್ತು. ಅಲ್ಲೇ ಕೂತು ತಿಂತಿದ್ದ, ಒಣ ರೊಟ್ಟಿಗೆ." ನಾನು ಸೌಟು ಹಿಡಿದು ನಿಂತೇ ಇದ್ದೆ. ಇನ್ನೂ ಏನೋ ಹೇಳುವುದಿದೆ ಎಂದು ಅವರ ಮುಖದಲ್ಲೇ ಕಾಣುತ್ತಿತ್ತು. ಆಮೇಲೆ ಗಂಜಿ ಕಡೆ ತಿರುಗಿದರು. ಇರಲಿ, ದಾರಿಗೆ ಬಂದಾಯಿತು, ಇನ್ನೇನು ನಾಳೆಯೋ ನಾಡಿದ್ದೋ ಹೇಳಿಯಾರು ಎಂದುಕೊಂಡೆ. ನನ್ನ ಕೈಯ ಉಪ್ಪಿನಕಾಯಿ ತಿಂದವನು, ನನಗೆ ಅವನ ಹೆಸರೂ ಗೊತ್ತಿಲ್ಲ. ಈಗ ಇದ್ದಾನೋ ಇಲ್ಲವೋ ಅದೂ ಗೊತ್ತಿಲ್ಲ.

ಭಾವ ಬಂದದ್ದು ಆಗಲೇ. ಕಣ ರಿಪೇರಿ ನೋಡಲು ಇಳಿದವರು ನಮ್ಮ ಮನೆಗೆ ಬಂದು ಕಾಫಿ ಕುಡಿದರು, ಮೇಜಿನ ಮೇಲೆ ಟ್ಯಾಂಕು ಕಂಡರು. ಕನ್ನಡಕ ಹಾಕಿಕೊಂಡು ಸುತ್ತ ತಿರುಗಿ ನೋಡಿದರು. ಅವರಿಗೆ ತಮ್ಮನೆಂದರೆ ಹೆಮ್ಮೆ, ಅದರಲ್ಲಿ ಎರಡು ಮಾತಿಲ್ಲ.

"ನೀನೇ ಮಾಡಿದ್ದಾ? ಭಲೇ ಮಾರಾಯ! ಇದು ಇಲ್ಲಿ ಯಾಕೆ ಮೂಲೇಲಿ? ದೊಡ್ಡಮನೆ ಶೋಕೇಸಲ್ಲಿ ಇರ್ಲಿ. ಬಂದ ನಾಲ್ಕು ಜನ ನೋಡ್ಲಿ."

"ತಗೊಂಡ್ಹೋಗಿ ಅಣ್ಣ" ಎಂದರು ಇವರು. ಉಸಿರೆಳೆಯುವಷ್ಟು ಹೊತ್ತೂ ಯೋಚಿಸಲಿಲ್ಲ.

ಭಾವ ಅದನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದ ಮೇಲೆ ನಾನು ಕುದಿದೆ. "ನನ್ನ ಒಂದು ಮಾತು ಕೇಳ್ಬೇಕು ಅಂತ ಅನಿಸ್ಲಿಲ್ವಾ?"

"ಅಣ್ಣ ಕೇಳಿದ್ರೆ ಇಲ್ಲ ಅನ್ಲಿಕ್ಕಾಗ್ತದಾ? ಮೇಲಿನ ಮನೆ ಏನು ದೂರವಾ?"

ಇಲ್ಲ ಅನ್ನುವುದನ್ನು ಸೈನ್ಯದಲ್ಲೂ ಕಲಿಸಲಿಲ್ಲ, ಮನೆಯಲ್ಲೂ ಕಲಿಸಲಿಲ್ಲ. ಮೇಜು ಪೂರ್ತಿ ನನ್ನದಾಯಿತು. ಒರೆಸಿದೆ, ಹೊಳೆಯಿತು. ಎದುರು ಬದುರು ಕೂತು ಉಣ್ಣುವಾಗ ನೋಡಲು ಇಬ್ಬರಿಗೂ ಏನೂ ಇರಲಿಲ್ಲ. ಎಷ್ಟೋ ಸಲ ನಾನೇ ಮಾತು ತೆಗೆದೆ. "ಟ್ಯಾಂಕು ಎದುರಿಗಿದ್ದಿದ್ರೆ ತೋರಿಸಬಹುದಿತ್ತು" ಎಂದು ಒಮ್ಮೆ ಅಂದರು. ಹಬ್ಬ ಕಳೆದ ಮೇಲೆ ಕೇಳಿ ತರೋಣ ಎಂದೆ. ಹೂಂ ಎಂದರು.

ನಮ್ಮ ಮನೆತನದಲ್ಲಿ ಆಯುಧಪೂಜೆ ದೊಡ್ಡದು. ಮಳೆಗಾಲ ಪೂರ್ತಿ ಕೆಸರು ತಿಂದ ಸಾಮಾನೆಲ್ಲ ಆವತ್ತು ಮೈ ತೊಳೆದು ನಿಲ್ಲಬೇಕು. ಮರದ ಕೊಂಬೆ ಕಡಿಯುವ ಕತ್ತಿಗಳು, ಔಷಧಿ ಹೊಡೆಯುವ ಮೋಟಾರು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರು, ಭಾವನ ಲೈಸೆನ್ಸ್ ಕೋವಿ, ಜೀಪು. ತೊಳೆದರೆ ಸಾಲದು, ಭಾವ ಪ್ರತಿ ವರ್ಷ ಪಲ್ಪರಿಗೆ ಒಂದು ಕೈ ಹಸಿರು ಎನಾಮಲ್ ಹೊಡೆಸುತ್ತಾರೆ. ಕೊಳೆಯಾದದ್ದನ್ನು ದೇವರ ಮುಂದೆ ಇಡುವ ಪದ್ಧತಿ ಇಲ್ಲ. ಇದೆಲ್ಲ ನನಗೆ ಗೊತ್ತಿದ್ದದ್ದೇ. ಸೊಸೆಯಾಗಿ ಬಂದ ಮೇಲೆ ನಾನೇ ಎಷ್ಟು ಕತ್ತಿಗಳನ್ನು ಬೂದಿ ಹಾಕಿ ತಿಕ್ಕಿದ್ದೇನೋ. ಆದರೂ ತಲೆಗೆ ಹೊಳೆಯಲಿಲ್ಲ.

ಪೂಜೆಗೆ ಹೋದಾಗ ಜಗಲಿಯಲ್ಲಿ, ಕೋವಿಯ ಪಕ್ಕದಲ್ಲಿ, ಮಣೆಯ ಮೇಲೆ, ಬಾಳೆಲೆಯ ನಡುವೆ ಟ್ಯಾಂಕು ಇತ್ತು. ಹಸಿರಾಗಿತ್ತು. ತಳತಳ ಹೊಳೆಯುವ, ಪಲ್ಪರಿನ ಹಸಿರು. ಅದರ ಮೇಲೆ ಮೂರೆಳೆ ವಿಭೂತಿ, ನಡುವೆ ಕುಂಕುಮ, ತೋಪಿನ ಕೊಳವೆಗೆ ಒಂದು ಸೇವಂತಿಗೆ.

"ಹೆಂಗಿದೆ ನೋಡು!" ಭಾವನ ಮುಖ ಅರಳಿತ್ತು. "ಕೆಲಸದವ್ರ ಕೈಗೆ ಕೊಡ್ಲಿಲ್ಲ. ನಾನೇ ಕೂತು ಹಲ್ಲುಜ್ಜೋ ಬ್ರಶ್ಶಲ್ಲಿ ಸೋಪು ಹಾಕಿ ತೊಳ್ದೆ. ಎಷ್ಟು ಧೂಳು ಕೂತಿತ್ತು ಮಾರಾಯ, ನೀರೆಲ್ಲ ಬೆಳ್ಳಗಾಯ್ತು. ಮಿಲಿಟರಿ ಸಾಮಾನು, ಹಂಗೆ ಇಡ್ಲಿಕ್ಕಾಗ್ತದಾ?"

ನಾನು ಇವರ ಮುಖ ನೋಡಿದೆ. ಏನಾದರೂ ಹೇಳಲಿ, ಒಂದು ಮಾತು, ಒಂದೇ ಒಂದು ಮಾತು. ಇವರು ನೆಟ್ಟಗೆ ನಿಂತಿದ್ದರು, ಕೈಗಳು ಪಕ್ಕಕ್ಕೆ.

"ಚೆನ್ನಾಗಿದೆ ಅಣ್ಣ" ಎಂದರು.

ಜೀಪಿನ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಮುಂದಕ್ಕೆ ಓಡಿಸಿದ್ದಾಯಿತು. ಟ್ಯಾಂಕಿಗೂ ಆಗಬೇಕು ಎಂದು ಯಾರೋ ಹುರಿದುಂಬಿಸಿದರು. ಗಿಡದಿಂದ ಎರಡು ಎಳೆ ನಿಂಬೆ ಕಿತ್ತು ತಂದು ಚೈನಿನ ಕೆಳಗೆ ಇಟ್ಟರು. "ಡ್ರೈವರ್ರೇ, ಓಡ್ಸಿ!" ಇವರು ಕುಕ್ಕರಗಾಲಲ್ಲಿ ಕೂತು ಬೆರಳಿನಿಂದ ತಳ್ಳಿದರು. ಚೈನು ಉರುಳಲಿಲ್ಲ. ಕೊಂಡಿಗಳೆಲ್ಲ ಎನಾಮಲ್ಲಿನಲ್ಲಿ ಅಂಟಿಹೋಗಿದ್ದವು. ನಿಂಬೆ ಜಾರಿ ಜಗಲಿಯ ಕೆಳಗೆ ಉರುಳಿತು. ಎಲ್ಲರೂ ನಕ್ಕರು, ಭಾವನೂ, ಅಕ್ಕನೂ. ಭಾವನ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತೇನೆ. ಇವರೂ ನಕ್ಕರು. ಆ ನಗು ನೋಡಲಾಗದೆ ನಾನು ಪ್ರಸಾದ ಸೆರಗಿಗೆ ಕಟ್ಟಿಕೊಂಡು ಮೆಟ್ಟಿಲಿಳಿದು ಬಂದೆ. ಅತ್ತದ್ದು ಆಗ.

ಇವರು ಬಂದ ಮೇಲೆ ಕೂಗಾಡಿದೆ. "ನಾಲಿಗೆ ಇರ್ಲಿಲ್ವಾ ನಿಮ್ಗೆ?"

"ಎಂತ ಹೇಳೋದು? ಅವ್ರಿಗೆ ಕಂಡಿದ್ದು ಧೂಳು. ಪಾಪ, ಸೊಂಟ ನೋವಲ್ಲೂ ಕೂತು ತೊಳೆದಿದ್ದಾರೆ."

ಅದೇ ನನ್ನ ಸಂಕಟ. ಬೈಯೋಣ ಎಂದರೆ ಬೈಯಲು ಬಾರದಂಥ ಕೆಲಸ. ಪ್ರೀತಿಯಿಂದಲೇ ತೊಳೆದರು. ದ್ವೇಷಕ್ಕೆ ತೊಳೆದಿದ್ದರೆ ನನ್ನ ಬಾಯಿಗೆ ಒಂದು ದಾರಿಯಾದರೂ ಇರುತ್ತಿತ್ತು.

ಈ ಸಲದ ಕೊಯ್ಲು ಮುಗಿದು ದೊಡ್ಡಮನೆಯಲ್ಲಿ ಊಟವಿತ್ತು. ಉಂಡು ಎಲ್ಲರೂ ಜಗಲಿಗೆ ಹೋದಾಗ ನಾನು ಶೋಕೇಸಿನ ಮುಂದೆ ನಿಂತೆ. ಟ್ಯಾಂಕು ನಮ್ಮ ಮಗಳು ಶಾಲೆಯಲ್ಲಿ ಗೆದ್ದ ಕಪ್ಪುಗಳ ನಡುವೆ ಮಿರಮಿರ ಮಿಂಚುತ್ತಿತ್ತು. ಒಂದು ಕಣ್ಣು ಮುಚ್ಚಿ, ಗಾಜಿಗೆ ಗಲ್ಲ ತಾಗಿಸಿ ಬಗ್ಗಿದೆ. ಆಟದ ಸಾಮಾನಾಗಿಯೇ ಕಂಡಿತು. ಕೈ ತೊಳೆದು ಬಂದ ಇವರು ನನ್ನ ಪಕ್ಕ ನಿಂತರು. ಇಬ್ಬರೇ ಇದ್ದೆವು. ಧೈರ್ಯ ಮಾಡಿ ಕೇಳಿಯೇ ಬಿಟ್ಟೆ.

"ರೀ, ಅಲ್ಲಿ ಕೂತು ಉಪ್ಪಿನಕಾಯಿ ತಿಂತಿದ್ರಲ್ಲ, ಯಾರವ್ರು?"

ಇವರು ಗಾಜಿನೊಳಗೆ ನೋಡಿದರು. ಬಹಳ ಹೊತ್ತು ನೋಡಿದರು.

"ಎಲ್ಲಿ?" ಎಂದರು.

ತೋರಿಸೋಣ ಎಂದು ನಾನು ಬೆರಳೆತ್ತಿದೆ. ಮೈಯೆಲ್ಲ ಒಂದೇ ಸಮ ಚೊಕ್ಕಟವಾಗಿತ್ತು.